ಸೇತುವೆಗೆ ಮುನ್ನ ನೆಲ ಓದುವುದು ಹೇಗೆ: ನದಿ ದಾಟುವ ಜಾಗದ ಪುರಾತತ್ವ ಸಮೀಕ್ಷೆ, ಹಂತ ಹಂತವಾಗಿ

ರಾಯಚೂರು ದೋಆಬ್ ಸೀಮೆಯ ಒಂದು ಸೇತುವೆ. ಕೆಲಸ ಮುಗಿದು ಒಂದು ಮಳೆಗಾಲ ಕಳೆದಿತ್ತು. ಸೇತುವೆಗೆ ಹತ್ತಿಸುವ ಅಪ್ರೋಚ್ ರಸ್ತೆಯ ಏರಿಯ ಮಗ್ಗುಲಲ್ಲಿ ಮಳೆನೀರು ಹರಿದು ಸಣ್ಣ ಸಣ್ಣ ಕೊರಕಲು ಬಿದ್ದಿದ್ದವು. ಅಂಥ ಒಂದು ಕೊರಕಲಲ್ಲಿ ಕೈಯಾಡಿಸಿದರೆ ಬೋಕಿ ಚೂರು ಸಿಕ್ಕಿತು: ಒಳಗೆ ಕಪ್ಪು, ಹೊರಗೆ ಕೆಂಪು, ಉಜ್ಜಿ ನುಣುಪು ಮಾಡಿದ್ದು. ಪಕ್ಕದಲ್ಲೇ ದನದ ಹಲ್ಲು, ಬೂದಿ ಮಣ್ಣಿನ ಹೆಂಟೆ. ಎರಡು ವರ್ಷ ಮುಂಚೆ ಅದೇ ಜಾಡಿನಲ್ಲಿ ನಡೆದು ನೋಡಿ, ‘ಪುರಾತತ್ವ ಅವಶೇಷಗಳು ಕಂಡುಬಂದಿಲ್ಲ’ ಎಂದು ಬರೆದುಕೊಟ್ಟ ತಂಡದಲ್ಲಿ ನಾನೂ ಇದ್ದೆ. ವರದಿ ಸುಳ್ಳಾಗಿರಲಿಲ್ಲ, ಜಾಡಿನಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಏರಿಗೆ ತುಂಬಿದ ಮಣ್ಣು ಬಂದದ್ದು ಎರಡು ಕಿಲೋಮೀಟರ್ ಆಚೆಯ ಒಂದು ಹಾಳು ದಿಬ್ಬದಿಂದ. ನಕ್ಷೆಯಲ್ಲಿ ನಮಗೆ ಎಳೆದುಕೊಟ್ಟ ಕೆಂಪು ಗೆರೆಯ ಹೊರಗಿತ್ತು ಅಂತ ಆ ದಿಬ್ಬದ ಕಡೆ ನಾವು ತಿರುಗಿಯೂ ನೋಡಿರಲಿಲ್ಲ.

ಸೇತುವೆಯ ಪುರಾತತ್ವ ಸಮೀಕ್ಷೆ ಎಂದರೆ ಕಂಬ ಏಳುವ ಜಾಗ ನೋಡುವುದು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ನನ್ನ ಅನುಭವದಲ್ಲಿ ಹಾಳಾಗುವುದರಲ್ಲಿ ಹೆಚ್ಚಿನದು ಕಂಬದ ಬುಡದಲ್ಲಲ್ಲ. ಅಪ್ರೋಚ್ ರಸ್ತೆ, ಮಣ್ಣು ತೆಗೆಯುವ ಗುಂಡಿ, ಕಾಂಕ್ರೀಟ್ ಕಲಸುವ ಯಾರ್ಡ್, ಕೂಲಿಕಾರರ ಶೆಡ್, ಟಿಪ್ಪರ್ ಓಡಾಡಲು ಮಾಡಿದ ಕಚ್ಚಾ ದಾರಿ, ಸೇತುವೆ ತೆರೆದ ಮೇಲೆ ಬರುವ ಲಾರಿಗಳು, ಇವೇ ಹೆಚ್ಚು ಕೆಡಿಸುತ್ತವೆ. ಲೋಕೋಪಯೋಗಿ ಇಲಾಖೆಯ ಎಂಜಿನಿಯರ್, ಡಿಪಿಆರ್ (ವಿಸ್ತೃತ ಯೋಜನಾ ವರದಿ) ಮಾಡುವ ಸಲಹೆಗಾರ, ಹೊಸದಾಗಿ ಕ್ಷೇತ್ರಕ್ಕಿಳಿದ ಪುರಾತತ್ವ ವಿದ್ಯಾರ್ಥಿ, ಊರಿಗೆ ಸೇತುವೆ ಬರುತ್ತದೆಂದು ಕಾದಿರುವ ಪಂಚಾಯಿತಿ ಸದಸ್ಯ, ನಾಲ್ವರಿಗೂ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಹಂಪಿ–ಆನೆಗೊಂದಿಯ ತುಂಗಭದ್ರೆಯನ್ನೇ ಇಟ್ಟುಕೊಳ್ಳೋಣ. ಒಂದು ಸೇತುವೆಯ ವಿಷಯದಲ್ಲಿ ಆಗಬಾರದ್ದೆಲ್ಲ ಆದ ಜಾಗ ಅದು.

ಹಂಪಿಯಲ್ಲಿ ಆದದ್ದು

ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1986ರಲ್ಲಿ. ಆನೆಗೊಂದಿಗೂ ವಿರೂಪಾಪುರ ಗಡ್ಡೆಗೂ ಎರಡು ತೂಗು ಸೇತುವೆಗಳ ಕೆಲಸ ಶುರುವಾಗಿ, ಅವು ಸಂರಕ್ಷಿತ ಪ್ರದೇಶದ ಒಳಗೇ ಬರುತ್ತವೆ ಎಂಬ ತಕರಾರು ಎದ್ದು, 1999ರಲ್ಲಿ ಯುನೆಸ್ಕೊ ಹಂಪಿಯನ್ನು ‘ಅಪಾಯದಲ್ಲಿರುವ ತಾಣಗಳ’ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ನಡುವೆ 2002ರಲ್ಲಿ ಹಂಪಿಗೆಂದೇ ಪ್ರತ್ಯೇಕ ಪ್ರಾಧಿಕಾರದ ಕಾಯ್ದೆ ಬಂತು. ಅರ್ಧಕ್ಕೆ ನಿಂತು ಮತ್ತೆ ಶುರುವಾದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುವಾಗಲೇ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಕುಸಿತಕ್ಕೂ ಪುರಾತತ್ವಕ್ಕೂ ಸಂಬಂಧವಿಲ್ಲ, ಅದನ್ನು ಇದಕ್ಕೆ ಗಂಟುಹಾಕಬಾರದು. ಆದರೆ ಅಷ್ಟು ವರ್ಷದ ಎಳೆದಾಟದಲ್ಲಿ ಆ ದಡದ ಜನ ಹರಿಗೋಲಿನಲ್ಲೇ ಓಡಾಡಬೇಕಾಯಿತಲ್ಲ, ಅದನ್ನು ಮರೆಯಬಾರದು. ‘ಕಲ್ಲು ಉಳಿಸೋಕೆ ಹೋಗಿ ಜನರ ದಾರಿ ತಪ್ಪಿಸಿದ್ರು’ ಎಂಬ ಮಾತು ಆ ಕಡೆ ಈಗಲೂ ಕೇಳಿಬರುತ್ತದೆ. ಅದರಲ್ಲಿ ಹುರುಳಿದೆ. ಕೊನೆಗೆ ವಾಹನಗಳಿಗೆ ದಾರಿಯಾದದ್ದು ಹೊಳೆಯ ಕೆಳಹರಿವಿನಲ್ಲಿ, ಕಡೇಬಾಗಿಲು–ಬುಕ್ಕಸಾಗರದ ನಡುವೆ ಕಟ್ಟಿದ ಸೇತುವೆ.

ಗಮನಿಸಬೇಕಾದ್ದು ಇಷ್ಟು: ಯುನೆಸ್ಕೊದ ಆತಂಕ ಕಂಬ ಎಲ್ಲಿ ನಿಂತಿದೆ ಎಂಬುದಷ್ಟೇ ಆಗಿರಲಿಲ್ಲ. ಸೇತುವೆ ತೆರೆದ ಮೇಲೆ ಭಾರಿ ವಾಹನಗಳು ಸ್ಮಾರಕಗಳ ನಡುವಿನ ದಾರಿಯಲ್ಲೇ ನುಗ್ಗುತ್ತವಲ್ಲ ಎಂಬುದೂ ಅದರಲ್ಲಿತ್ತು. ಜಾಗ ಬದಲಿಸುವ ಮಾತು ಅಲೈನ್‌ಮೆಂಟ್ (ಸೇತುವೆ, ರಸ್ತೆ ಹಾಯುವ ಜಾಡು) ಗೆರೆ ಎಳೆಯುವಾಗ ಬಂದಿದ್ದರೆ ಒಂದು ಸಭೆಯಲ್ಲಿ ಮುಗಿಯುತ್ತಿತ್ತು. ಕಂಬ ಎದ್ದ ಮೇಲೆ ಬಂದದ್ದರಿಂದ ವರ್ಷಗಟ್ಟಲೆ ಎಳೆಯಿತು.

ಮೊದಲ ಹಂತ: ಟೆಂಡರಿಗೆ ಮುಂಚೆ ಕೂರಿ

ಸಮೀಕ್ಷೆಗೆ ಸರಿಯಾದ ಹೊತ್ತು ಒಂದೇ. ಮೂರ್ನಾಲ್ಕು ಅಲೈನ್‌ಮೆಂಟ್‌ಗಳು ಇನ್ನೂ ಪೆನ್ಸಿಲ್ಲಿನಲ್ಲಿರುವಾಗ. ಆಗ 300 ಮೀಟರ್ ಪಕ್ಕಕ್ಕೆ ಸರಿಸಲು ರಬ್ಬರ್ ಸಾಕು. ಭೂಸ್ವಾಧೀನದ ಅಧಿಸೂಚನೆ ಹೊರಟ ಮೇಲೆ ಸರಿಸಬೇಕೆಂದರೆ ಸಚಿವಾಲಯದ ಮೆಟ್ಟಿಲು ಹತ್ತಬೇಕು. ಆದ್ದರಿಂದ ಪುರಾತತ್ವದವರನ್ನು ಮಣ್ಣು ಪರೀಕ್ಷೆಯವರ ಜೊತೆಗೇ ಕರೆಯಿರಿ, ಅವರಿಗಿಂತ ತಡವಾಗಿ ಬೇಡ.

ಸಮೀಕ್ಷೆಯ ಎಲ್ಲೆಯನ್ನು ಬರವಣಿಗೆಯಲ್ಲಿ ನಿಗದಿ ಮಾಡುವುದೂ ಈ ಹಂತದ ಕೆಲಸ. ನಾನು ಈಗ ನಾಲ್ಕು ವಲಯ ಕೇಳುತ್ತೇನೆ. ಮೊದಲನೆಯದು ಕಂಬ ಮತ್ತು ಅಬಟ್‌ಮೆಂಟ್, ಅಂದರೆ ದಡದಲ್ಲಿ ಸೇತುವೆಯ ತುದಿ ಹೊರುವ ಕಟ್ಟಡ. ಎರಡನೆಯದು ಎರಡೂ ದಡದ ಅಪ್ರೋಚ್, ಏರಿಯ ಬುಡದಿಂದ ಆಚೀಚೆ ಕನಿಷ್ಠ 50 ಮೀಟರ್ ಸೇರಿಸಿ. ಮೂರನೆಯದು ಮಣ್ಣು, ಗರಸು, ಜಲ್ಲಿ ತರುವ ಎಲ್ಲ ಜಾಗ ಮತ್ತು ಯಾರ್ಡ್. ನಾಲ್ಕನೆಯದು ಸಂಚಾರ ಹೆಚ್ಚಾಗುವ ಹಳೆ ರಸ್ತೆಗಳು, ಮುಂದಿನ ದೊಡ್ಡ ಜಂಕ್ಷನ್‌ವರೆಗೆ. ಮೂರನೆಯ ವಲಯದ ಬಗ್ಗೆ ಗುತ್ತಿಗೆದಾರರು ‘ಮಣ್ಣು ಎಲ್ಲಿಂದ ತರ್ತೀವಿ ಅಂತ ಈಗಲೇ ಹೆಂಗೆ ಹೇಳೋದು ಸಾರ್’ ಎನ್ನುತ್ತಾರೆ. ನ್ಯಾಯವಾದ ಮಾತೇ. ಹಾಗಿದ್ದರೆ ಟೆಂಡರಿನಲ್ಲೇ ಒಂದು ಷರತ್ತು ಬರಲಿ: ಯಾವ ಸರ್ವೆ ನಂಬರಿನಿಂದ ಮಣ್ಣು ತೆಗೆಯುವುದಾದರೂ ಏಳು ದಿನ ಮುಂಚೆ ತಿಳಿಸಿ, ನೋಡಿದ ಮೇಲೆ ತೆಗೆಯಬೇಕು. ಈ ಒಂದು ಸಾಲು ಇದ್ದಿದ್ದರೆ ಆ ದಿಬ್ಬ ಇವತ್ತಿಗೂ ಇರುತ್ತಿತ್ತು.

ಎರಡನೇ ಹಂತ: ಕಾನೂನಿನ ಗೆರೆ ಎಲ್ಲಿಂದ ಅಳೆಯುತ್ತಾರೆ

ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆ 1958ರದ್ದು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣ ಇಲ್ಲ. ಚರಂಡಿ, ನೀರು, ವಿದ್ಯುತ್ ಮುಂತಾದ ಕೆಲವಕ್ಕೆ ಸಡಿಲಿಕೆ ಇದೆ, ಸೇತುವೆ ಆ ಪಟ್ಟಿಯಲ್ಲಿಲ್ಲ. ನಿಯಂತ್ರಿತ ಪ್ರದೇಶದಲ್ಲಿ ಕಟ್ಟಲು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಅನುಮತಿ ಪಡೆಯಬೇಕು. ರಾಜ್ಯದ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯ್ದೆ ಬೇರೆ ಇದೆ. ಎರಡೂ ಇಲಾಖೆಯ ಪಟ್ಟಿಗಳನ್ನು ತರಿಸಿಕೊಳ್ಳಿ.

ಇಲ್ಲಿ ಎಂಜಿನಿಯರುಗಳು ಪದೇ ಪದೇ ಎಡವುತ್ತಾರೆ: 100 ಮೀಟರನ್ನು ಗೋಪುರದ ಗೋಡೆಯಿಂದ ಅಳೆಯುತ್ತಾರೆ. ಅಳೆಯಬೇಕಾದ್ದು ಸಂರಕ್ಷಿತ ಪ್ರದೇಶದ ಎಲ್ಲೆಯಿಂದ. ಗುಡಿ ಚಿಕ್ಕದಿದ್ದರೂ ಅಧಿಸೂಚನೆಯಲ್ಲಿ ಇಡೀ ಸರ್ವೆ ನಂಬರ್ ಸೇರಿರಬಹುದು. ಮೂಲ ಅಧಿಸೂಚನೆ, ಅದರ ಜೊತೆಗಿನ ನಕ್ಷೆ, ಭೂಮಾಪನ ಇಲಾಖೆಯ ಇವತ್ತಿನ ಸ್ಕೆಚ್, ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡದೆ ಗೆರೆ ಎಳೆಯಬೇಡಿ.

ಕಾನೂನಿನ ದೌರ್ಬಲ್ಯವನ್ನೂ ಹೇಳಿಬಿಡಬೇಕು. ಕಾಯ್ದೆಯ ಕಣ್ಣಿಗೆ ಬೀಳುವುದು ಪಟ್ಟಿಯಲ್ಲಿರುವ ಸ್ಮಾರಕ ಮಾತ್ರ. ಹೊಲದ ಬದುವಿನ ವೀರಗಲ್ಲು, ಬೂದಿದಿಬ್ಬ (ನವಶಿಲಾಯುಗದವರು ಸುಟ್ಟ ಸಗಣಿಯ ಬೂದಿ ಗುಡ್ಡೆ), ಹಾಳೂರಿನ ತಳಪಾಯ, ಹಳೆ ಕಾಲುವೆಯ ಕಟ್ಟೆ, ಇವುಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲೂ ಇಲ್ಲ. ‘ನಿರಾಕ್ಷೇಪಣಾ ಪತ್ರ ಸಿಕ್ಕಿದೆ’ ಎಂದರೆ ಪಟ್ಟಿಯಲ್ಲಿರುವುದಕ್ಕೆ ಧಕ್ಕೆ ಇಲ್ಲ ಎಂದಷ್ಟೇ ಅರ್ಥ. ನೆಲದಡಿ ಏನಿದೆ ಅಂತ ಅದು ಹೇಳುವುದಿಲ್ಲ.

ಮೂರನೇ ಹಂತ: ಕಾಗದದ ಮೇಲೆ ನದಿ ದಾಟಿ

ಹೊಲಕ್ಕೆ ಕಾಲಿಡುವ ಮುಂಚೆ ಕನಿಷ್ಠ ಮೂರು ವಾರ ಕಚೇರಿಯ ಕೆಲಸ ಇರುತ್ತದೆ. ಇದನ್ನು ಕಡಿಮೆ ಮಾಡಿ ಹಣ ಉಳಿಸಿದವರೆಲ್ಲ ಮುಂದೆ ಅದರ ಹತ್ತು ಪಟ್ಟು ಕೊಟ್ಟಿದ್ದಾರೆ.

ತುಂಗಭದ್ರೆಯ ದಡದಲ್ಲಿ ಕೆಲಸ ಮಾಡುವವರಿಗೆ ಒಂದು ವಿಚಿತ್ರ ತೊಡಕಿದೆ. ನದಿಯೇ ಹಿಂದೆ ಗಡಿಯಾಗಿತ್ತು. ದಕ್ಷಿಣದ ಹಂಪಿ, ಹೊಸಪೇಟೆ, ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಉತ್ತರದ ಆನೆಗೊಂದಿ, ಗಂಗಾವತಿ, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಬಳ್ಳಾರಿ 1953ರಲ್ಲಿ ಮೈಸೂರಿಗೆ ಬಂತು, ಕೊಪ್ಪಳ–ರಾಯಚೂರು 1956ರಲ್ಲಿ. ಹೀಗಾಗಿ ಒಂದೇ ಸೇತುವೆಯ ಒಂದು ತುದಿಯ ಹಳೆ ದಾಖಲೆ ಮದ್ರಾಸಿನ ಸರಣಿಗಳಲ್ಲಿ, ಇನ್ನೊಂದು ತುದಿಯದು ಹೈದರಾಬಾದಿನ ಸರಣಿಗಳಲ್ಲಿ. ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳ ಸರಣಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಹಳೆ ಮೈಸೂರಿಗೆ ಕೈದೀಪ, ಇಲ್ಲಿಗೆ ಅದು ಸಾಲದು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಶಾಸನ ಸಂಪುಟಗಳನ್ನು ಮೊದಲು ತೆರೆಯಿರಿ. ಶಾಸನದಲ್ಲಿ ರಾಜನ ಬಿರುದು ಬಿಟ್ಟು ಎಲ್ಲೆ ಹೇಳುವ ಭಾಗ ಓದಿ: ಯಾವ ಹಳ್ಳ, ಯಾವ ಹೆದ್ದಾರಿ, ಯಾವ ಕೆರೆಯ ಕೋಡಿ. ಆ ಕಾಲದ ಭೂಮಾಪನ ಅಲ್ಲೇ ಇದೆ.

ಆಮೇಲೆ ಕಂದಾಯದ ಕಾಗದ. ಗ್ರಾಮನಕಾಶೆಯಲ್ಲಿ ‘ಬೇಚಿರಾಕ್’ ಎಂದು ಬರೆದ ಗ್ರಾಮಗಳನ್ನು ಗುರುತು ಹಾಕಿ. ಜನ ಬಿಟ್ಟುಹೋದ ಊರು ಎಂದು ಸರ್ಕಾರವೇ ಬರೆದಿಟ್ಟಿರುತ್ತದೆ, ನಾವು ಹುಡುಕಬೇಕಾದ್ದೂ ಅದನ್ನೇ. ಹೊಲದ ಹೆಸರುಗಳನ್ನೂ ಪಟ್ಟಿ ಮಾಡಿ: ಗುಡಿಹೊಲ, ಕಲ್ಲುಕಂಬದ ಹೊಲ, ಹಾಳೂರ ಹನುಮಪ್ಪನ ಹೊಲ. ಸುರಪುರ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ಬೂದಿದಿಬ್ಬವೇ ಇದೆ. ಊರಿನ ಹೆಸರು ಸಾವಿರಾರು ವರ್ಷದ ಬೂದಿಯನ್ನು ಹೊತ್ತು ತಿರುಗುತ್ತಿದೆ.

ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಇವತ್ತಿನ ಉಪಗ್ರಹ ಚಿತ್ರಕ್ಕಿಂತ ಹಳೆಯದು ಬೆಲೆಯುಳ್ಳದ್ದು. ಅಮೆರಿಕದ ಕೊರೋನಾ ಗೂಢಚಾರ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಬಹಿರಂಗವಾದವು. ತುಂಗಭದ್ರಾ ಕಾಲುವೆಯ ನೀರು ಎಲ್ಲೆಡೆ ಹರಡಿ, ದಿಬ್ಬಗಳನ್ನು ಮಟ್ಟ ಮಾಡಿ ಭತ್ತದ ಗದ್ದೆಯಾಗಿಸುವ ಮುಂಚಿನ ನೆಲ ಅವುಗಳಲ್ಲಿ ಇನ್ನೂ ಕಾಣುತ್ತದೆ. ಇವತ್ತು ಹಸಿರು ಹಾಸಿನಂತೆ ಸಮವಾಗಿರುವ ಜಾಗದಲ್ಲಿ ಅಲ್ಲಿ ದುಂಡನೆಯ ಬಿಳಿಚು ಕಲೆ ಕಂಡರೆ ಆ ಸರ್ವೆ ನಂಬರನ್ನು ಕೆಂಪಾಗಿ ಸುತ್ತಿ.

ನಾಲ್ಕನೇ ಹಂತ: ಹಳೆಯ ದಾಟುಜಾಗ ಯಾವುದು?

ಇಡೀ ಸಮೀಕ್ಷೆಯ ತಿರುಳು ಈ ಪ್ರಶ್ನೆಯಲ್ಲಿದೆ. ಸೇತುವೆಗೆ ಎಂಜಿನಿಯರ್ ಹುಡುಕುವುದೇನು? ನದಿ ಕಿರಿದಾಗಿರಬೇಕು, ದಡ ಗಟ್ಟಿಯಾಗಿರಬೇಕು, ಕೆಳಗೆ ಬಂಡೆ ಸಿಗಬೇಕು, ಎರಡೂ ಕಡೆ ಊರು ಹತ್ತಿರವಿರಬೇಕು. ಐನೂರು, ಎರಡು ಸಾವಿರ ವರ್ಷದ ಹಿಂದಿನವರು ಹುಡುಕಿದ್ದೂ ಅದನ್ನೇ. ಆದ್ದರಿಂದ ಒಳ್ಳೆಯ ಸೇತುವೆ ಜಾಗ ಎಂದರೆ ಬಹುಮಟ್ಟಿಗೆ ಒಳ್ಳೆಯ ಪುರಾತತ್ವ ಜಾಗವೇ. ಲಂಡನ್ನಿನ ವಾಕ್ಸ್‌ಹಾಲ್ ಸೇತುವೆಯ ಬಳಿ ಥೇಮ್ಸ್ ನೀರು ಇಳಿದಾಗ 1993ರಲ್ಲಿ ಕಂಡ ಮರದ ಗೂಟಗಳು ಕಂಚಿನ ಯುಗದವು, ಸುಮಾರು 3,500 ವರ್ಷ ಹಳೆಯವು.

ಹಂಪಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ವಿಠ್ಠಲ ದೇವಸ್ಥಾನದ ಕಡೆಯಿಂದ ನದಿಗೆ ಇಳಿದು ಪುರಂದರ ಮಂಟಪದ ಹತ್ತಿರ ನಿಂತರೆ ನೀರಿನಲ್ಲಿ ಸಾಲಾಗಿ ಕಲ್ಲುಕಂಬಗಳು, ವಿಜಯನಗರದ ಕಾಲದ ಸೇತುವೆಯ ಪಳೆಯುಳಿಕೆ. ಮುಂದೆ ತಳವಾರಘಟ್ಟದ ಹೆಬ್ಬಾಗಿಲು, ಎದುರು ದಡದಲ್ಲಿ ಆನೆಗೊಂದಿಯ ಕೋಟೆ, ನಡುವಿನ ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ಸಮಾಧಿಯಾದ ನವಬೃಂದಾವನ. ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಇಲ್ಲಿ ಹೊಳೆ ದಾಟುತ್ತಿದ್ದರೆಂದು 16ನೇ ಶತಮಾನದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. ಕೋಟೆ, ಬಾಗಿಲು, ಘಾಟು, ಸುಂಕದ ಕಟ್ಟೆ, ಮಂಟಪ, ದಡದ ಗುಡಿ, ಇವೆಲ್ಲ ದಾಟುಜಾಗದ ಬಳಗ. ಒಂದು ಕಂಡರೆ ಮಿಕ್ಕವನ್ನು ಹುಡುಕಿ.

ಹಳೆಯ ದಾಟುಜಾಗ ಪತ್ತೆಗೆ ಊರಿನ ಹಿರಿಯರನ್ನು ಬಿಟ್ಟರೆ ಬೇರೆ ಯಂತ್ರವಿಲ್ಲ. ಅದಕ್ಕೂ ಕ್ರಮವಿದೆ. ‘ಇಲ್ಲಿ ಪುರಾತನ ವಸ್ತು ಏನಾದರೂ ಇದೆಯಾ?’ ಎಂದು ಕೇಳಿದರೆ ನಿಧಿ ಹುಡುಕುವವರು ಬಂದಿದ್ದಾರೆಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ. ದಾರಿಯ ಮಾತು ಕೇಳಬೇಕು.

‘ಅಜ್ಜಾರ, ನೀವು ಸಣ್ಣವ್ರಿದ್ದಾಗ ಹೊಳಿ ಎಲ್ಲಿ ದಾಟ್ತಿದ್ರಿ?’

‘ಬ್ಯಾಸಗ್ಯಾಗ ಅಲ್ಲೇ ಬಂಡಿ ಹೊಡ್ಕೊಂಡು ಹೋಗ್ತಿದ್ವಿರೀ. ಮಳಿಗಾಲದಾಗ ಹರಗೋಲು, ಆ ಆಲದ ಗಿಡದ ಕೆಳಗ. ಅಲ್ಲೊಂದು ಬರದ ಕಲ್ಲು ಐತಲ್ರೀ, ಅದ್ರ ಬಾಜೂಕ.’

ನಮ್ಮ ನಕ್ಷೆಯಲ್ಲಿ ಆ ‘ಬರದ ಕಲ್ಲು’ (ಬರೆದ ಕಲ್ಲು) ಇರಲಿಲ್ಲ. ಹೋಗಿ ನೋಡಿದರೆ ಮಣ್ಣಿನಲ್ಲಿ ಅರ್ಧ ಹೂತ ಶಾಸನ. ಅಪ್ರೋಚ್ ರಸ್ತೆಯ ನಡುಗೆರೆಯಿಂದ ಹನ್ನೊಂದು ಮೀಟರ್.

ಐದನೇ ಹಂತ: ನಡೆಯುವುದು

ಹೊಲ ಉತ್ತು ಒಂದು ಮಳೆ ಬಿದ್ದು ಎರಡು ಮೂರು ದಿನಕ್ಕೆ ಹೋಗಿ. ಧೂಳು ತೊಳೆದು ಬೋಕಿ ಚೂರುಗಳು ತಾವಾಗಿ ಎದ್ದು ಕಾಣುತ್ತವೆ. ಬೆಳೆ ನಿಂತ ಮೇಲೆ ಹೋದರೆ ತೊಗರಿ ಗಿಡ ಎಣಿಸಿಕೊಂಡು ಬರಬೇಕಾದೀತು. ನದಿಯ ಪಾತ್ರಕ್ಕೆ ಮಾತ್ರ ಏಪ್ರಿಲ್–ಮೇ, ನೀರು ತಳ ಕಂಡಾಗ. ಅಂದರೆ ಒಂದೇ ಸೇತುವೆಗೆ ವರ್ಷದಲ್ಲಿ ಎರಡು ಸಲ ಹೋಗಲೇಬೇಕು. ಒಂದೇ ಭೇಟಿಯ ವರದಿಯನ್ನು ನಾನು ಅರ್ಧ ವರದಿ ಎಂದೇ ಎಣಿಸುತ್ತೇನೆ.

ಹತ್ತು ಮೀಟರಿಗೊಬ್ಬರಂತೆ ಸಾಲಾಗಿ ನಿಂತು ನದಿಗೆ ಸಮಾಂತರವಾಗಿ ನಡೆಯಿರಿ. ಪ್ರತಿ ಇಪ್ಪತ್ತು ಮೀಟರಿಗೆ ನಿಂತು ಎಷ್ಟು ಚೂರು, ಯಾವ ಬಗೆ, ನೆಲ ಎಷ್ಟು ಕಾಣುತ್ತಿತ್ತು ಎಂದು ಬರೆಯಬೇಕು. ಕೊನೆಯದು ಮುಖ್ಯ. ಹುಲ್ಲು ಮುಚ್ಚಿದ ಜಾಗದಲ್ಲಿ ‘ಸೊನ್ನೆ’ ಎಂದು ಬರೆದರೆ ಅದು ಸೊನ್ನೆಯಲ್ಲ, ‘ನೋಡಲಾಗಲಿಲ್ಲ’. ಬೂದುಬಣ್ಣದ ಉಜ್ಜಿದ ಮಡಕೆ ನವಶಿಲಾಯುಗದ ಕಡೆ ಕೈ ತೋರುತ್ತದೆ, ಕಪ್ಪು–ಕೆಂಪು ಮಡಕೆ ಕಬ್ಬಿಣದ ಯುಗ ಮತ್ತು ಬೃಹತ್ ಶಿಲಾ ಸಮಾಧಿಗಳ ಕಡೆ, ಕಂದುಗೆಂಪು ಲೇಪದ ಮೇಲೆ ಬಿಳಿ ಗೆರೆ ಇದ್ದರೆ ಶಾತವಾಹನರ ಕಾಲದ ಆಸುಪಾಸು. ಹಂಪಿಯ ಸುತ್ತ ನೀಲಿ ಬಿಳಿ ಹೊಳಪಿನ ಪಿಂಗಾಣಿ ಚೂರು ಸಿಕ್ಕರೆ ಕಾಫಿ ಕಪ್ಪೆಂದು ಎಸೆಯಬೇಡಿ, ಚೀನಾದ ಪಿಂಗಾಣಿ ವಿಜಯನಗರಕ್ಕೆ ಬರುತ್ತಿತ್ತು. ಸಂರಕ್ಷಿತ ಪ್ರದೇಶದಲ್ಲಿ ಏನನ್ನೂ ಎತ್ತಿಕೊಳ್ಳುವಂತಿಲ್ಲ. ಹೊರಗೂ ಫೋಟೊ ತೆಗೆದು, ಜಿಪಿಎಸ್ ಗುರುತಿಟ್ಟು, ಇದ್ದಲ್ಲೇ ಬಿಡುವುದು ಒಳ್ಳೆಯ ಅಭ್ಯಾಸ.

ಎರೆಭೂಮಿಯಲ್ಲಿ ಒಂದು ಮೋಸ ಇದೆ. ಬೇಸಿಗೆಯಲ್ಲಿ ಎರೆ ಬಿರಿದು ಗೇಣಗಲದ ಬಿರುಕು ಬೀಳುತ್ತದೆ, ಮೇಲಿನ ಚೂರು ಒಂದು ಮೀಟರ್ ಕೆಳಗೆ ಜಾರುತ್ತದೆ. ಮಳೆ ಬಂದು ಮಣ್ಣು ಉಬ್ಬಿದಾಗ ಕೆಳಗಿನದು ಮೇಲೆ ಬರುತ್ತದೆ. ಹೀಗಾಗಿ ಅಲ್ಲಿ ‘ಇಷ್ಟು ಆಳದಲ್ಲಿ ಸಿಕ್ಕಿತು, ಆದ್ದರಿಂದ ಇಷ್ಟು ಹಳೆಯದು’ ಎಂಬ ಲೆಕ್ಕ ನಡೆಯುವುದಿಲ್ಲ. ನದಿಯ ಮೆಕ್ಕಲು ಇದಕ್ಕೆ ವಿರುದ್ಧ: ಒಂದೊಂದು ಪ್ರವಾಹವೂ ಒಂದು ಹೊದಿಕೆ ಹೊದಿಸಿ ಹೋಗುತ್ತದೆ. ಮೇಲೆ ಎಷ್ಟು ನಡೆದರೂ ಒಂದು ಚೂರೂ ಸಿಗದ ದಡದಲ್ಲಿ ಮೂರು ಮೀಟರ್ ಕೆಳಗೆ ಊರೇ ಮಲಗಿರಬಹುದು.

ನದಿ ದಂಡೆಯ ಜಲ್ಲಿಪದರವನ್ನೂ ಬಿಡಬೇಡಿ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಲಪ್ರಭಾ ದಂಡೆಯಲ್ಲಿ ಹಳೆ ಶಿಲಾಯುಗದ ಉಪಕರಣ ಗುರುತಿಸಿದ್ದು ಇಂಥ ಪದರಗಳಲ್ಲೇ. ಕೈಗೊಡಲಿ ಸಿಕ್ಕರೆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ. ಅಂಚು ಉರುಟಾಗಿ ಸವೆದಿದ್ದರೆ ನೀರು ಎಲ್ಲಿಂದಲೋ ಉರುಳಿಸಿ ತಂದದ್ದು, ಜಾಗ ಅಷ್ಟು ಮುಖ್ಯವಲ್ಲ. ಅಂಚು ಇನ್ನೂ ಹರಿತವಾಗಿದ್ದು ಸುತ್ತ ಸಣ್ಣ ಚಕ್ಕೆಗಳೂ ಬಿದ್ದಿದ್ದರೆ ಯಾರೋ ಅಲ್ಲೇ ಕೂತು ಕೆತ್ತಿದ್ದಾರೆ. ಆಗ ಅಬಟ್‌ಮೆಂಟ್ ಕೆಲಸ ಮುಂದೂಡಿ.

ಬಂಡೆಗಳ ಮೇಲೆ ಸಾಲಾದ ಗೂಟದ ಕುಳಿಗಳು ಕಲ್ಲು ಸೀಳಿದ ಗುರುತು. ಚೌಕಾಕಾರದ ಕುಳಿಗಳು ಸಮ ಅಂತರದಲ್ಲಿದ್ದರೆ ಕಂಬ ನಿಲ್ಲಿಸಿದ್ದಿರಬಹುದು. ದಡದ ಬಂಡೆಯಲ್ಲಿ ಕೊರೆದ ಲಿಂಗಗಳು, ಪಾದ, ಬಾವಿಯಂಥ ತೂತು, ಎಲ್ಲಕ್ಕೂ ಅಳತೆ ಸಮೇತ ಫೋಟೊ ಇರಲಿ. ಕಾಲುವೆಗಳನ್ನು ಮರೆತರಂತೂ ದೊಡ್ಡ ಪೆಟ್ಟು. ಹಂಪಿಯಲ್ಲಿ ವಿಜಯನಗರ ಕಾಲದ ತುರ್ತು ಕಾಲುವೆಯಲ್ಲಿ ಈಗಲೂ ನೀರು ಹರಿದು ಬಾಳೆತೋಟ ಬೆಳೆಯುತ್ತದೆ. ಅಪ್ರೋಚ್ ರಸ್ತೆ ಅಂಥದೊಂದನ್ನು ದಾಟುವಾಗ ಎರಡು ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಇಟ್ಟು ಮುಗಿಸುವುದು ಎಂಜಿನಿಯರಿಗೆ ಸಣ್ಣ ಕೆಲಸ. ಪರಂಪರೆಗೂ ರೈತನಿಗೂ ಒಟ್ಟಿಗೇ ಬೀಳುವ ಏಟು.

ಆರನೇ ಹಂತ: ನೆಲದಡಿ

ಯಂತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲ ಭೇದಿಸುವ ರಾಡಾರ್ ಮರಳು ಮಣ್ಣಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಒದ್ದೆ ಎರೆಯಲ್ಲಿ ಕುರುಡಾಗುತ್ತದೆ. ಅಲ್ಲಿ ವಿದ್ಯುತ್ ರೋಧ ಅಳೆಯುವ ಸಮೀಕ್ಷೆ ಮೇಲು. ಬಾಡಿಗೆಗೆ ತರುವ ಮುಂಚೆ ಮಣ್ಣು ಯಾವುದೆಂದು ಕೇಳದ ಕಂಪನಿಯ ವರದಿಯನ್ನು ನಂಬಬೇಡಿ.

ಅದಕ್ಕಿಂತ ಅಗ್ಗದ, ಹೆಚ್ಚು ನೆಚ್ಚಬಹುದಾದ ದಾರಿ ನಿಮ್ಮ ಕೈಯಲ್ಲೇ ಇದೆ. ಅದು ಬೋರಿಂಗ್. ಸೇತುವೆಗೆ ಅಡಿಪಾಯದ ಜಾಗಗಳಲ್ಲಿ ಹೇಗೂ ಕೊರೆಯುತ್ತಾರೆ, ಸಾಮಾನ್ಯವಾಗಿ ಒಂದೂವರೆ ಮೀಟರಿಗೊಮ್ಮೆ ಮಣ್ಣಿನ ಮಾದರಿ ಮೇಲೆ ಬರುತ್ತದೆ. ಎಂಜಿನಿಯರ್ ಅದರಲ್ಲಿ ನೋಡುವುದು ಗಟ್ಟಿತನ. ಪಕ್ಕದಲ್ಲಿ ಪುರಾತತ್ವದವನೊಬ್ಬ ಮಡಿಚು ಕುರ್ಚಿ ಹಾಕಿಕೊಂಡು ಕೂತರೆ ಅದೇ ಮಣ್ಣಿನಲ್ಲಿ ಇದ್ದಿಲಿನ ಗೆರೆ, ಇಟ್ಟಿಗೆಯ ಕೆಂಪು ಪುಡಿ, ಬೂದಿ, ಮೀನಿನ ಮುಳ್ಳು ನೋಡುತ್ತಾನೆ. ಬೋರ್ ಲಾಗಿನ (ಕೊರೆತದ ದಾಖಲೆಯ) ‘ಬೂದುಬಣ್ಣದ ಹೂಳು, ಸಾವಯವ ಅಂಶ ಇದೆ’ ಎಂಬ ಒಂದು ಸಾಲು ಎಷ್ಟೋ ಸಲ ಮಾನವ ವಸತಿಯ ಪದರ. ಮಾದರಿಯ ಡಬ್ಬಿಗಳನ್ನು ಪ್ರಯೋಗಾಲಯ ಎಸೆಯುವ ಮುಂಚೆ ಕೇಳಿ ಇಸಕೊಳ್ಳಿ.

ಅನುಮಾನ ಉಳಿದಲ್ಲಿ ಪರೀಕ್ಷಾ ಗುಂಡಿ. ಇದಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಪರವಾನಗಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಕಚೇರಿ ಅಧ್ಯಯನ ಶುರುವಾದ ದಿನವೇ ಅರ್ಜಿ ಸಿದ್ಧಪಡಿಸಿ. ಗುಂಡಿ ಒಂದು ಮೀಟರ್ ಚೌಕದ್ದಾದರೂ ಸಾಕು, ಗೋಡೆ ಮಾತ್ರ ನೇರ ಇರಬೇಕು. ಮೇಲಿಂದ ಪದರ ಪದರವಾಗಿ ಇಳಿಯಿರಿ. ಪದರ ಬದಲಾದದ್ದು ಕಣ್ಣಿಗಿಂತ ಮೊದಲು ಕರಣೆಗೆ ತಿಳಿಯುತ್ತದೆ: ಸದ್ದು ಬದಲಾಗುತ್ತದೆ. ಮಣ್ಣನ್ನೆಲ್ಲ ಜರಡಿ ಹಿಡಿಯಿರಿ. ಇದ್ದಿಲು ಸಿಕ್ಕರೆ ಕೈ ಮುಟ್ಟದೆ ಕರಣೆ ತುದಿಯಿಂದ ಎತ್ತಿ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಪದರದ ಸಂಖ್ಯೆ ಬರೆಯಿರಿ. ಪಕ್ಕದಲ್ಲಿ ನಿಂತು ಬೀಡಿ ಸೇದುವವರನ್ನು ಆಚೆ ಕಳಿಸಿ. ತಮಾಷೆಯಲ್ಲ, ಆ ಬೂದಿ ಉದುರಿದರೆ ಕಾಲನಿರ್ಣಯ ಕೆಡುತ್ತದೆ.

ಏಳನೇ ಹಂತ: ಸಿಕ್ಕರೆ ಏನು ಮಾಡುವುದು

ಎಂಜಿನಿಯರುಗಳಿಗೆ ಇರುವ ದೊಡ್ಡ ಭಯ ‘ಏನಾದರೂ ಸಿಕ್ಕರೆ ಕೆಲಸ ನಿಂತುಹೋಗುತ್ತೆ’ ಎಂಬುದು. ಬಹಳಷ್ಟು ಸಲ ಹಾಗಾಗುವುದಿಲ್ಲ, ಯಾಕೆಂದರೆ ಆಯ್ಕೆಗಳಿವೆ. ಅವುಗಳನ್ನು ಮೇಲಿಂದ ಕೆಳಗೆ ಈ ಕ್ರಮದಲ್ಲೇ ನೋಡಬೇಕು.

ಜಾಡು ಸರಿಸಬಹುದೇ? ಅದಾಗದಿದ್ದರೆ ಗಾಳ (ಎರಡು ಕಂಬಗಳ ನಡುವಿನ ಅಂತರ) ಉದ್ದ ಮಾಡಿ ಅವಶೇಷದ ಮೇಲೆ ಹಾದುಹೋಗಬಹುದೇ? 20 ಮೀಟರಿನ ಎರಡು ಗಾಳದ ಬದಲು 40 ಮೀಟರಿನ ಒಂದು ಗಾಳ ಹಾಕಿದರೆ ಒಂದು ಕಂಬ ಕಡಿಮೆ. ಏರಿಯ ಕೆಳಗೆ ಹೋಗುವುದಾದರೆ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಶುದ್ಧ ಮರಳು ಹಾಸಿ ಮುಚ್ಚಿಡಬಹುದೇ? ಮುಚ್ಚಿದ್ದು ಉಳಿದ ಹಾಗೆಯೇ. ಆದರೆ ಆರೇಳು ಮೀಟರ್ ಎತ್ತರದ ಏರಿಯ ಭಾರ ಮೆತ್ತನೆ ಪದರಗಳನ್ನು ಅಮುಕುತ್ತದೆ, ಅದರ ಲೆಕ್ಕ ಮಾಡಿಸಿ. ಹತ್ತಿರದಲ್ಲಿ ಹಳೆ ಕಟ್ಟಡವಿದ್ದರೆ ಬಡಿದು ಇಳಿಸುವ ಪೈಲ್ (ಅಡಿಪಾಯದ ಕಂಬ) ಬೇಡ, ಕೊರೆದು ಸುರಿಯುವ ಪೈಲ್ ಹಾಕಿ, ಕಂಪನ ಅಳೆಯುವ ಯಂತ್ರ ಕಟ್ಟಡದ ಬುಡದಲ್ಲಿರಲಿ. ಇವು ಯಾವುವೂ ಆಗದಿದ್ದರೆ ಪೂರ್ಣ ಉತ್ಖನನ. ಅಗೆದ ಮೇಲೆ ಆ ಜಾಗ ಮುಗಿಯಿತು, ಉಳಿಯುವುದು ನಿಮ್ಮ ಟಿಪ್ಪಣಿ ಮಾತ್ರ.

ಕಟ್ಟಡವನ್ನೇ ಎತ್ತಿ ಬೇರೆಡೆ ಕೂರಿಸುವುದು ಕೊಟ್ಟಕೊನೆಯ ಮಾತು. ಶ್ರೀಶೈಲ ಜಲಾಶಯದ ಹಿನ್ನೀರಿನಿಂದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಆಲಂಪುರಕ್ಕೆ ತಂದು ಕಟ್ಟಿದ್ದಾರೆ, ನೋಡಲು ಚೆನ್ನಾಗಿದೆ. ಆದರೆ ಸಂಗಮ ಅಲ್ಲಿಲ್ಲ. ಅಣೆಕಟ್ಟಿಗೆ ಬೇರೆ ದಾರಿ ಇರಲಿಲ್ಲ ಎನ್ನಬಹುದು. ಸೇತುವೆಗೆ ಬಹುತೇಕ ಯಾವಾಗಲೂ ಬೇರೆ ದಾರಿ ಇರುತ್ತದೆ.

ಎಂಟನೇ ಹಂತ: ಜೆಸಿಬಿ ಬಂದ ದಿನ

ಸಮೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಕೆಲವು ಸಿಗುವುದು ಬಕೆಟ್ಟಿನ ಹಲ್ಲಿಗೇ. ಅದಕ್ಕೆ ಕೆಲಸ ಶುರುವಾಗುವ ಮುಂಚೆ ಅರ್ಧ ಗಂಟೆ ಜೆಸಿಬಿ ಚಾಲಕರನ್ನೂ ಮೇಸ್ತ್ರಿಯನ್ನೂ ಕೂರಿಸಿ, ಬೋಕಿ ಚೂರು, ಬೂದಿ ಪದರ, ದೊಡ್ಡ ಅಳತೆಯ ಹಳೆ ಇಟ್ಟಿಗೆ ಕೈಗೆ ಕೊಟ್ಟು ತೋರಿಸಿ. ಕೈಯಲ್ಲಿ ಹಿಡಿದವರು ಮರೆಯುವುದಿಲ್ಲ.

ಏನಾದರೂ ಕಂಡರೆ: ಯಂತ್ರ ನಿಲ್ಲಲಿ, ಸುತ್ತ ಹಗ್ಗ ಕಟ್ಟಿ, ತಾಡಪತ್ರಿ ಮುಚ್ಚಿ, ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಅಂದೇ ತಿಳಿಸಿ, ಪಂಚನಾಮೆ ಆಗಲಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಬಚ್ಚಿಡುವುದು ಅಪರಾಧ. ತೊಳೆಯಬೇಡಿ, ಒಣಬಟ್ಟೆಯಿಂದಲೂ ಉಜ್ಜಬೇಡಿ. ವಿಗ್ರಹ ಸಿಕ್ಕಿತೆಂದರೆ ಒಂದು ಗಂಟೆಯೊಳಗೆ ಅರಿಶಿನ, ಕುಂಕುಮ, ಎಣ್ಣೆ, ತೆಂಗಿನಕಾಯಿ ಬಂದುಬಿಡುತ್ತವೆ. ಆ ಭಕ್ತಿಯನ್ನು ಬೈದು ಓಡಿಸಲಾಗದು. ನಾನು ಮಾಡುವುದು ಇಷ್ಟೇ: ಊರಿನ ಹಿರಿಯರೊಬ್ಬರನ್ನು ಕರೆದು, ‘ಮೊದಲು ಫೋಟೊ, ಅಳತೆ ಆಗಲಿ, ಆಮೇಲೆ ದೂರದಿಂದ ಹೂವು ಇಡಿ’ ಎಂದು ಅವರ ಬಾಯಲ್ಲೇ ಹೇಳಿಸುವುದು. ಬಹಳ ಕಡೆ ನಡೆದಿದೆ.

ಇದೆಲ್ಲ ನಡೆಯಬೇಕಾದರೆ ಗುತ್ತಿಗೆದಾರನಿಗೆ ಬಾಯಿ ಬಿಟ್ಟದ್ದಕ್ಕೆ ನಷ್ಟವಾಗಬಾರದು. ಅವಶೇಷ ಸಿಕ್ಕು ಕೆಲಸ ನಿಂತ ದಿನಗಳಿಗೆ ಅವಧಿ ವಿಸ್ತರಣೆ, ನಿಂತ ಯಂತ್ರಕ್ಕೆ ಬಾಡಿಗೆ, ಇವೆರಡೂ ಟೆಂಡರಿನಲ್ಲಿ ಬರೆದಿರಬೇಕು. ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಟಿಪ್ಪರ್ ಬಂದು ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ, ಬೆಳಗ್ಗೆ ಯಾರಿಗೂ ಏನೂ ಗೊತ್ತಿರುವುದಿಲ್ಲ.

ವರದಿ

ವರದಿ ಕನ್ನಡದಲ್ಲೂ ಇರಲಿ. ಸಿಕ್ಕದ್ದರ ಜೊತೆ ಎಲ್ಲಿ ನೋಡಲಿಲ್ಲ, ಯಾಕೆ ನೋಡಲಿಲ್ಲ ಎಂಬುದೂ ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಬರಲಿ. ನಮ್ಮ ಆ ಹಳೆ ವರದಿಯಲ್ಲಿ ಹಾಳು ದಿಬ್ಬದ ಮೇಲೆ ‘ನೋಡಿಲ್ಲ’ ಎಂಬ ಹಳದಿ ಬಣ್ಣ ಇದ್ದಿದ್ದರೆ ಯಾರಾದರೂ ಒಮ್ಮೆ ಕೇಳುತ್ತಿದ್ದರೋ ಏನೋ.

ಪ್ರತಿಗಳು ಪುರಾತತ್ವ ಇಲಾಖೆಗೆ, ಲೋಕೋಪಯೋಗಿ ಇಲಾಖೆಗೆ ಹೋಗುತ್ತವೆ. ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಕೊಟ್ಟು, ದಿಬ್ಬಗಳ ಸರ್ವೆ ನಂಬರ್ ಬರೆದ ಒಂದು ಹಾಳೆಯನ್ನು ಅಲ್ಲಿನ ಗೋಡೆಗೆ ಅಂಟಿಸಿ ಬನ್ನಿ. ಐದಾರು ವರ್ಷಕ್ಕೆ ಅಪ್ರೋಚ್ ರಸ್ತೆ ಅಗಲ ಮಾಡಲು ಬರುತ್ತಾರೆ. ಆಗ ನೀವಿರುವುದಿಲ್ಲ, ಎಂಜಿನಿಯರ್ ಬೇರೆಯವರಾಗಿರುತ್ತಾರೆ, ಗುತ್ತಿಗೆದಾರ ಮೊದಲು ಬಂದು ಪಂಚಾಯಿತಿಯಲ್ಲಿ ಕೇಳುವುದು ಒಂದೇ ಮಾತು: ‘ಇಲ್ಲಿ ಗರಸು ಎಲ್ಲಿ ಸಿಗುತ್ತೆ?’